ಹಳೇ ಪಿಸಿಗೆ ಹೊಸ ಗ್ರಾಫಿಕ್ಸ್ ಕಾರ್ಡ್: ಮೂವತ್ತು ವರ್ಷದ ಚರಿತ್ರೆ ಹೇಳುವ ಒಂದು ಮಾತು

ಕೊಬ್ಬರಿ ಮಾರಿದ ದುಡ್ಡಲ್ಲಿ ಅಪ್ಪ ನನ್ನ ತಮ್ಮನ ಕೈಗೆ ಇಪ್ಪತ್ತೆರಡು ಸಾವಿರ ರೂಪಾಯಿ ಇಟ್ಟು, "ಇಷ್ಟೇ, ಮತ್ತೆ ಕೇಳಬೇಡ" ಅಂದರು. ತಮ್ಮನ ಹತ್ತಿರ ಇರುವುದು ಬೆಂಗಳೂರಿನ ಯಾವುದೋ ಆಫೀಸ್ ಹೊರಹಾಕಿದ ಹಳೇ ಕಂಪ್ಯೂಟರ್. 2012ರ ಕಾಲದ ಐ5 ಪ್ರೊಸೆಸರ್, 8 ಜಿಬಿ ರ‍್ಯಾಮ್, ಇನ್ನೂ ಹಳೆಯದೊಂದು ಮಾನಿಟರ್. ಅದರಲ್ಲೇ ಗೇಮ್ ಆಡುತ್ತಾನೆ, ಆಡಿದ್ದನ್ನು ರೆಕಾರ್ಡ್ ಮಾಡಿ ಯೂಟ್ಯೂಬ್‌ಗೆ ಹಾಕುತ್ತಾನೆ. ಹೊಸ ಗೇಮ್ ಹಾಕಿದರೆ ಮಾತ್ರ ಪರದೆ ಎತ್ತಿನ ಗಾಡಿ ಥರ ಕುಲುಕುತ್ತದೆ.

ಒಂದು ಮಧ್ಯಾಹ್ನ ಬೆಂಗಳೂರಿನ ಎಸ್‌ಪಿ ರೋಡ್‌ನಿಂದ ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿದ. ಸೆಕೆಂಡ್ ಹ್ಯಾಂಡ್ ಆರ್‌ಟಿಎಕ್ಸ್ 3070 ಕಾರ್ಡ್. "ಬಜೆಟ್ ಒಳಗೇ ಇದೆ ಅಕ್ಕ, ತಗೊಂಡುಬಿಡ್ಲಾ?" ಒಂದು ದಿನ ತಡಿ ಅಂದೆ. ಆ ರಾತ್ರಿ ಗ್ರಾಫಿಕ್ಸ್ ಕಾರ್ಡಿನ ಚರಿತ್ರೆ ಓದುತ್ತಾ ಕೂತೆ. ಇದೇ ಪ್ರಶ್ನೆ ನಿಮ್ಮ ಮನೆಯಲ್ಲೂ ಬಂದಿರಬಹುದು, ಬರಬಹುದು. ಹಾಗಾಗಿ ಓದಿದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಶುರುವಾಗಿದ್ದೇ ಹಳೇ ಪಿಸಿಗಾಗಿ

1990ರ ದಶಕದ ಮೊದಲಲ್ಲಿ ಮೂರು ಆಯಾಮದ ಚಿತ್ರ ಬರೆಯುವ ಯಂತ್ರ ಬೇಕೆಂದರೆ ಸಿಲಿಕಾನ್ ಗ್ರಾಫಿಕ್ಸ್‌ನಂಥ ಕಂಪನಿಗಳ ಹತ್ತಿರ ಹೋಗಬೇಕಿತ್ತು. ಅವು ಸಿನಿಮಾ ಕಂಪನಿಗಳು, ವಿಮಾನ ಕಂಪನಿಗಳು ಕೊಳ್ಳುವ ಯಂತ್ರಗಳು, ಸಾವಿರಾರು ಡಾಲರ್ ಬೆಲೆಯವು. ಅಂಥ ಕಡೆ ಕೆಲಸ ಮಾಡಿ ಬಂದವರು ಸೇರಿ 1994ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 3ಡಿಎಫ್ಎಕ್ಸ್ ಎಂಬ ಕಂಪನಿ ಕಟ್ಟಿದರು. ಅವರ ಚಿಪ್ಪಿನ ಹೆಸರು ವೂಡೂ. ಮೊದಲು ಅದನ್ನು ನಾಣ್ಯ ಹಾಕಿ ಆಡುವ ಆಟದ ಯಂತ್ರಗಳಿಗೆ ಕೊಟ್ಟರು. 1996ರಲ್ಲಿ ಮೆಮೊರಿ ಚಿಪ್ಪುಗಳ ಬೆಲೆ ಕುಸಿಯಿತು. 4 ಎಂಬಿ ಮೆಮೊರಿ ಹಾಕಿದ ಕಾರ್ಡನ್ನು ಮನೆಮಂದಿ ಕೊಳ್ಳುವ ಬೆಲೆಗೆ ಮಾರುವುದು ಆಗ ಸಾಧ್ಯವಾಯಿತು. ಆ ವರ್ಷದ ಕೊನೆಗೆ ವೂಡೂ ಚಿಪ್ಪಿದ್ದ ಆರ್ಕಿಡ್ ಕಂಪನಿಯ ಕಾರ್ಡ್ 299 ಡಾಲರಿಗೆ ಅಂಗಡಿಗೆ ಬಂತು.

ಈ ಕಾರ್ಡಿಗೆ ಒಂದು ವಿಚಿತ್ರ ಗುಣ ಇತ್ತು. ಮಾಮೂಲಿ ವಿಂಡೋಸ್ ಪರದೆ ತೋರಿಸುವುದು ಅದಕ್ಕೆ ಬರುತ್ತಿರಲಿಲ್ಲ. ಇದ್ದ ಹಳೇ ಕಾರ್ಡನ್ನು ಅಲ್ಲೇ ಬಿಟ್ಟು, ಪಕ್ಕದ ಸ್ಲಾಟಿಗೆ ಇದನ್ನು ಸೇರಿಸಿ, ಎರಡಕ್ಕೂ ನಡುವೆ ಒಂದು ಕೇಬಲ್ ಎಳೆಯಬೇಕಿತ್ತು. ಗೇಮ್ ಶುರುವಾದಾಗ ಆರ್ಕಿಡ್ ಕಾರ್ಡಿನ ಒಳಗಿನ ರಿಲೇ 'ಟಕ್' ಎಂದು ಸದ್ದು ಮಾಡಿ ಪರದೆಯನ್ನು ತನ್ನ ಕಡೆ ಎಳೆದುಕೊಳ್ಳುತ್ತಿತ್ತು. ನಮ್ಮ ಮೋಟಾರಿನ ಸ್ಟಾರ್ಟರ್ ಹಿಡಿದುಕೊಳ್ಳುವಾಗ ಬರುವ ಸದ್ದಿನ ಹಾಗೆ.

ಆ ವರ್ಷ ಜೂನ್‌ನಲ್ಲಿ ಬಂದಿದ್ದ ಗೇಮ್ ಕ್ವೇಕ್. ಅದರ ಚಿತ್ರವನ್ನೆಲ್ಲ ಪ್ರೊಸೆಸರೇ ಲೆಕ್ಕಹಾಕಿ ಬರೆಯಬೇಕಿತ್ತು. ಹಾಗಾಗಿ ಹೆಚ್ಚಿನವರು 320×200 ಚುಕ್ಕಿಗಳ ಒರಟು ಚಿತ್ರದಲ್ಲೇ ಆಡುತ್ತಿದ್ದರು. 1997ರ ಜನವರಿಯಲ್ಲಿ ಕ್ವೇಕ್‌ನ ಹೊಸ ಆವೃತ್ತಿ ಬಂತು, ಅದು ಕಾರ್ಡಿನಿಂದ ಕೆಲಸ ಮಾಡಿಸುತ್ತಿತ್ತು. ಅದೇ ಕಂಪ್ಯೂಟರ್, ಅದೇ ಪ್ರೊಸೆಸರ್. ಚಿತ್ರ ಮಾತ್ರ 640×480ಕ್ಕೆ ಏರಿ, ನುಣ್ಣಗಾಗಿ, ಸಲೀಸಾಗಿ ಓಡಿತು.

"ಹಳೇ ಪಿಸಿಗೆ ಒಂದು ಕಾರ್ಡ್ ಹಾಕಿದರೆ ಸಾಕು, ಹೊಸದಾಗುತ್ತದೆ" ಎಂಬ ನಂಬಿಕೆ ಹುಟ್ಟಿದ್ದು ಅಲ್ಲಿ. ಆಗ ಅದು ನಿಜವೂ ಆಗಿತ್ತು. ಚಿತ್ರ ಬರೆಯುವ ಕೆಲಸಕ್ಕೆ ಅಲ್ಲಿಯವರೆಗೆ ಬೇರೆ ಆಳೇ ಇರಲಿಲ್ಲ, ಕಾರ್ಡ್ ಬಂದು ಆ ಜಾಗ ತುಂಬಿತು.

ಎತ್ತು ಏರಿಗೆ, ಕೋಣ ನೀರಿಗೆ

1998ರಲ್ಲಿ ವೂಡೂ2 ಬಂತು. ಹಳೆಯದಕ್ಕಿಂತ ಎಷ್ಟೋ ಪಾಲು ಬಲಶಾಲಿ. ಎರಡು ಕಾರ್ಡ್ ಜೋಡಿಸಿ ಹೂಡುವುದಕ್ಕೂ ಬರುತ್ತಿತ್ತು. ಹಳೇ ಪೆಂಟಿಯಮ್ ಇದ್ದವರೂ ಆಸೆಯಿಂದ ಕೊಂಡರು, ಆದರೆ ಅವರಿಗೆ ಸಿಕ್ಕ ಲಾಭ ಸ್ವಲ್ಪವೇ. ಹೊಸ ಪೆಂಟಿಯಮ್ 2 ಇದ್ದವರ ಮನೆಯಲ್ಲಿ ಅದೇ ಕಾರ್ಡ್ ಹಾರಾಡಿತು.

ಕಾರಣ ಸರಳ. ಗೇಮಿನಲ್ಲಿ ಯಾರು ಎಲ್ಲಿದ್ದಾರೆ, ಗುಂಡು ಎಲ್ಲಿಗೆ ಹೋಯಿತು ಎಂದು ಲೆಕ್ಕ ಹಾಕುವುದು ಪ್ರೊಸೆಸರ್. ಆ ಲೆಕ್ಕ ಹಿಡಿದು ಚಿತ್ರ ಬರೆಯುವುದು ಕಾರ್ಡ್. ಪ್ರೊಸೆಸರ್ ಸೆಕೆಂಡಿಗೆ ಮೂವತ್ತು ಸಲ ಲೆಕ್ಕ ಕೊಟ್ಟರೆ, ಕಾರ್ಡಿಗೆ ನೂರು ಚಿತ್ರ ಬರೆಯುವ ತಾಕತ್ತಿದ್ದರೂ ಮೂವತ್ತೇ ಬರೆದು ಕಾಯುತ್ತಾ ಕೂರುತ್ತದೆ. ಒಂದೇ ನೊಗಕ್ಕೆ ಹೊಂದದ ಜೋಡಿ ಕಟ್ಟಿದರೆ ಉಳುಮೆ ಆಗುತ್ತದೆಯೇ? ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು.

1999ರ ಅಕ್ಟೋಬರಿನಲ್ಲಿ ಎನ್‌ವಿಡಿಯಾ ಕಂಪನಿ ಜಿಫೋರ್ಸ್ 256 ಕಾರ್ಡನ್ನು ಮಾರಾಟಕ್ಕೆ ಬಿಟ್ಟಿತು. 'ಜಿಪಿಯು' ಎಂಬ ಹೆಸರನ್ನು ಜನರ ಬಾಯಿಗೆ ತಂದಿದ್ದು ಇದೇ. ಪ್ರೊಸೆಸರ್ ಮಾಡುತ್ತಿದ್ದ ಜ್ಯಾಮಿತಿ ಮತ್ತು ಬೆಳಕಿನ ಲೆಕ್ಕವನ್ನೂ ಈ ಕಾರ್ಡ್ ತನ್ನ ಹೆಗಲಿಗೆ ತೆಗೆದುಕೊಂಡಿತು. ಬಡ ಪ್ರೊಸೆಸರಿನ ಭಾರ ಇಳಿಯಿತು, ಆದರೆ ಅದಕ್ಕೆಂದೇ ಬರೆದ ಗೇಮ್‌ಗಳಲ್ಲಿ ಮಾತ್ರ. ವೂಡೂ ಮಾಡಿದ 3ಡಿಎಫ್ಎಕ್ಸ್ ಈ ಓಟದಲ್ಲಿ ಹಿಂದೆ ಬಿತ್ತು. 2000ದ ಡಿಸೆಂಬರಿನಲ್ಲಿ ಅದರ ಆಸ್ತಿಯನ್ನು ಎನ್‌ವಿಡಿಯಾ ಕೊಳ್ಳುವುದೆಂದು ತೀರ್ಮಾನವಾಯಿತು.

ಸ್ಲಾಟ್ ಬದಲಾದಾಗ

ವೂಡೂ ಕೂರುತ್ತಿದ್ದದ್ದು ಪಿಸಿಐ ಎಂಬ ಸ್ಲಾಟಿನಲ್ಲಿ. 1997ರಿಂದ ಗ್ರಾಫಿಕ್ಸಿಗೆಂದೇ ಎಜಿಪಿ ಸ್ಲಾಟ್ ಬಂತು. 2004ರಲ್ಲಿ ಪಿಸಿಐ ಎಕ್ಸ್‌ಪ್ರೆಸ್ ಬಂದು ಎಜಿಪಿಯನ್ನು ಹೊರಗೆ ತಳ್ಳಿತು. ಎಜಿಪಿ ಕಾರ್ಡ್ ಹೊಸ ಸ್ಲಾಟಿನಲ್ಲಿ ಕೂರುವುದಿಲ್ಲ, ಹೊಸ ಕಾರ್ಡ್ ಎಜಿಪಿಯಲ್ಲಿ ಕೂರುವುದಿಲ್ಲ. ಹೊಸ ಕಾರ್ಡ್ ಬೇಕೆಂದರೆ ಮದರ್‌ಬೋರ್ಡ್, ಅದರ ಹಿಂದೆ ಪ್ರೊಸೆಸರ್, ಅದರ ಹಿಂದೆ ರ‍್ಯಾಮ್. ಒಂದು ಬಾಗಿಲು ಬದಲಿಸಲು ಹೋಗಿ ಗೋಡೆಯನ್ನೇ ಕೆಡವಿದ ಹಾಗೆ.

ಹಳೇ ಪಿಸಿಯವರನ್ನು ಕಂಪನಿಗಳು ಪೂರ್ತಿ ಕೈಬಿಡಲಿಲ್ಲ. 2008ರಲ್ಲೂ ರೇಡಿಯಾನ್ ಎಚ್‌ಡಿ 3850 ಕಾರ್ಡಿನ ಎಜಿಪಿ ರೂಪ ಸಿಗುತ್ತಿತ್ತು. ಆದರೆ ಆ ಹೊತ್ತಿಗೆ ಎಜಿಪಿ ಪಿಸಿಗಳ ಪ್ರೊಸೆಸರ್‌ಗಳು ಮುದಿಯಾಗಿದ್ದವು. ಮತ್ತೆ ಅದೇ ಹೊಂದದ ಜೋಡಿ.

ನಮ್ಮ ಕಾಲಕ್ಕೆ ಒಂದು ಒಳ್ಳೆಯ ಸುದ್ದಿ ಇದೆ. ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿನ ಆಕಾರ 2004ರಿಂದ ಬದಲಾಗಿಲ್ಲ. ಇವತ್ತಿನ ಕಾರ್ಡೂ 2012ರ ಸ್ಲಾಟಿನಲ್ಲಿ ಕೂರುತ್ತದೆ. ಕೂತರೆ ಸಾಕೇ ಎಂಬುದು ಬೇರೆ ಪ್ರಶ್ನೆ.

ಕರೆಂಟಿನ ಲೆಕ್ಕ

ಮೊದಲ ವೂಡೂ ಸ್ಲಾಟಿನಿಂದ ಸಿಗುವ ಕರೆಂಟಿನಲ್ಲೇ ಬದುಕುತ್ತಿತ್ತು. 2000ದ ವೂಡೂ5 5500ಕ್ಕೆ ಅದು ಸಾಲದೆ ಹಾರ್ಡ್ ಡಿಸ್ಕಿಗೆ ಕೊಡುವ ತಂತಿಯನ್ನೇ ಸಿಕ್ಕಿಸಬೇಕಾಯಿತು. ಅದರ ಅಣ್ಣ ವೂಡೂ5 6000ಕ್ಕೆ ಗೋಡೆಯಿಂದ ಬೇರೆಯೇ ಅಡಾಪ್ಟರ್ ಬೇಕಿತ್ತು. ಅದು ಅಂಗಡಿಗೆ ಬರುವ ಮೊದಲೇ ಕಂಪನಿ ಮುಗಿಯಿತು. 2006ರ ಜಿಫೋರ್ಸ್ 8800 ಜಿಟಿಎಕ್ಸ್ ಸುಮಾರು 27 ಸೆಂಟಿಮೀಟರ್ ಉದ್ದವಿತ್ತು, ಎರಡು ಪವರ್ ತಂತಿ ಕೇಳುತ್ತಿತ್ತು. 2022ರ ಆರ್‌ಟಿಎಕ್ಸ್ 4090ರ ಲೆಕ್ಕ 450 ವ್ಯಾಟ್.

ನಿಯಮ ಹೀಗಿದೆ: ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ಒಂದು ಕಾರ್ಡಿಗೆ ಹೆಚ್ಚೆಂದರೆ 75 ವ್ಯಾಟ್ ಕೊಡುತ್ತದೆ. ಆರು ಪಿನ್ನಿನ ತಂತಿ ಇನ್ನೊಂದು 75, ಎಂಟು ಪಿನ್ನಿನದು 150. 2016ರ ಜೂನ್ ಕೊನೆಗೆ ಎಎಂಡಿಯ ಆರ್‌ಎಕ್ಸ್ 480 ಬಂದಾಗ, ಅದು ಸ್ಲಾಟಿನಿಂದ ನಿಯಮಕ್ಕಿಂತ ಹೆಚ್ಚು ಎಳೆಯುತ್ತದೆ ಎಂದು ಪರೀಕ್ಷೆ ಮಾಡಿದವರು ತೋರಿಸಿದರು. ಹಳೇ ಮದರ್‌ಬೋರ್ಡುಗಳ ಗತಿಯೇನು ಎಂಬ ಚರ್ಚೆ ಎದ್ದಿತು. ಕಂಪನಿ ಜುಲೈನಲ್ಲೇ ಹೊಸ ಡ್ರೈವರ್ ಬಿಟ್ಟು ಸರಿಮಾಡಿತು.

ನಮಗೆ ಇದು ಹೊಸ ವಿಷಯ ಅಲ್ಲ. 5 ಎಚ್‌ಪಿಗೆ ಎಳೆದ ಕೇಬಲ್ಲಿಗೆ 10 ಎಚ್‌ಪಿ ಮೋಟಾರ್ ಕಟ್ಟಿದರೆ ಏನಾಗುತ್ತದೆ ಎಂದು ತೋಟ ಇರುವ ಯಾರಿಗೂ ಹೇಳಿಕೊಡಬೇಕಿಲ್ಲ. ಕಂಪ್ಯೂಟರಿನ ಪವರ್ ಸಪ್ಲೈ ಅಂದರೆ ಆ ಕೇಬಲ್, ಆ ಸ್ಟಾರ್ಟರ್ ಎಲ್ಲ ಸೇರಿದ ಹಾಗೆ. ಆಫೀಸಿನಿಂದ ಬರುವ ಪಿಸಿಗಳಲ್ಲಿ ಅದು ಚಿಕ್ಕದಿರುತ್ತದೆ, ಕಾರ್ಡಿಗೆ ಕೊಡುವ ಆರು ಪಿನ್ನಿನ ತಂತಿಯೂ ಎಷ್ಟೋ ಸಲ ಇರುವುದಿಲ್ಲ. ಕೆಲವು ಪಿಸಿಗಳಲ್ಲಿ ಸಪ್ಲೈ ಆಕಾರವೇ ಬೇರೆ. ಅಂಗಡಿಯ ಮಾಮೂಲಿ ಸಪ್ಲೈ ತಂದರೆ ಪೆಟ್ಟಿಗೆಗೂ ಹೊಂದುವುದಿಲ್ಲ, ಬೋರ್ಡಿಗೂ ಹೊಂದುವುದಿಲ್ಲ.

2014: ಬಡವರ ಕಾರ್ಡ್

ಈ ಚರಿತ್ರೆಯಲ್ಲಿ ನನಗೆ ಇಷ್ಟವಾದ ಕಾರ್ಡ್ ಅತಿ ವೇಗದ್ದಲ್ಲ. 2014ರ ಫೆಬ್ರವರಿಯಲ್ಲಿ 149 ಡಾಲರಿಗೆ ಬಂದ ಜಿಟಿಎಕ್ಸ್ 750 ಟಿಐ. ಅದರ ಲೆಕ್ಕ ಬರೀ 60 ವ್ಯಾಟ್. ಬೇರೆ ಪವರ್ ತಂತಿ ಬೇಕಿರಲಿಲ್ಲ, ಸ್ಲಾಟಿಗೆ ಸಿಕ್ಕಿಸಿದರೆ ಆಯಿತು. ಆಫೀಸುಗಳು ಹೊರಹಾಕಿದ ಪಿಸಿಗಳಿಗೆ ಈ ಕಾರ್ಡ್ ಹಾಕಿ ಗೇಮ್ ಆಡುವುದು ಜಗತ್ತಿನ ಎಲ್ಲೆಡೆ ಒಂದು ರೂಢಿಯೇ ಆಗಿಹೋಯಿತು. 2016ರ ಜಿಟಿಎಕ್ಸ್ 1050 ಟಿಐ, 2019ರ ಜಿಟಿಎಕ್ಸ್ 1650, 2024ರ ಫೆಬ್ರವರಿಯಲ್ಲಿ ಬಂದ ಆರ್‌ಟಿಎಕ್ಸ್ 3050ರ 6 ಜಿಬಿ ರೂಪ ಎಲ್ಲವೂ ಅದೇ ಕುಲದವು. ಇವುಗಳ ಲೆಕ್ಕ 75 ವ್ಯಾಟಿನೊಳಗೇ ಇದೆ. ಆದರೆ ಕೆಲವು ತಯಾರಕರು ಇವಕ್ಕೂ ತಂತಿ ಜೋಡಿಸಿ ಮಾರಿದ್ದಾರೆ, ಫೋಟೋ ನೋಡಿಯೇ ಕೊಳ್ಳಬೇಕು.

ಡಬ್ಬದ ಮೇಲಿನ ಹೆಸರು

ಅದೇ 2014ರಲ್ಲಿ ಬಂದ ಜಿಟಿಎಕ್ಸ್ 970ರ ಡಬ್ಬದ ಮೇಲೆ 4 ಜಿಬಿ ಎಂದಿತ್ತು. ಕೊನೆಯ ಅರ್ಧ ಜಿಬಿ ಉಳಿದದ್ದಕ್ಕಿಂತ ಬಹಳ ನಿಧಾನ ಎಂದು 2015ರ ಜನವರಿಯಲ್ಲಿ ಗೊತ್ತಾಯಿತು. ಅಮೆರಿಕದಲ್ಲಿ ಕೇಸ್ ಆಗಿ, ಕೊಂಡವರಿಗೆ ಕಾರ್ಡಿಗೆ 30 ಡಾಲರ್ ಕೊಡುವ ರಾಜಿಯಾಯಿತು. 2016ರ ಜಿಟಿಎಕ್ಸ್ 1060ರಲ್ಲಿ 3 ಜಿಬಿ, 6 ಜಿಬಿ ಎಂದು ಎರಡಿದ್ದವು. ವ್ಯತ್ಯಾಸ ಮೆಮೊರಿಯಷ್ಟೇ ಎಂದು ಜನ ಅಂದುಕೊಂಡರು. ಒಳಗಿನ ಕೋರ್‌ಗಳೂ ಕಡಿಮೆ ಇದ್ದವು: ಒಂದರಲ್ಲಿ 1152, ಇನ್ನೊಂದರಲ್ಲಿ 1280. ಆರ್‌ಟಿಎಕ್ಸ್ 3050ರಲ್ಲೂ ಅದೇ ಕತೆ. 8 ಜಿಬಿಯದು 130 ವ್ಯಾಟಿನ ಕಾರ್ಡ್, 6 ಜಿಬಿಯದು 70 ವ್ಯಾಟಿನದು. ಹೆಸರು ಒಂದೇ, ಕಾರ್ಡ್ ಬೇರೆ.

ಸೆಕೆಂಡ್ ಹ್ಯಾಂಡ್ ಪೇಟೆಯಲ್ಲಿ ಇನ್ನೂ ಒಂದು ಅಪಾಯ. ಹಳೇ ಸತ್ತ ಮಾದರಿಯ ಕಾರ್ಡಿನ ಸಾಫ್ಟ್‌ವೇರ್ ತಿದ್ದಿ, ಹೊಸ ಹೆಸರು ತೋರಿಸುವಂತೆ ಮಾಡಿ ಮಾರುವುದು. ಈ ಮೋಸ ಎಷ್ಟು ಹಬ್ಬಿತೆಂದರೆ, ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶ 2018ರಿಂದ ನಕಲಿ ಕಾರ್ಡ್ ಗುರುತಿಸುವುದನ್ನೂ ಕಲಿಯಬೇಕಾಯಿತು. ಅಂಗಡಿಯಲ್ಲೇ ಅದನ್ನು ಹಾಕಿ ತೋರಿಸಿ ಎಂದು ಕೇಳುವುದಕ್ಕೆ ಸಂಕೋಚ ಬೇಡ.

ಎಲ್ಲರೂ ಅದೇ ಕಾರ್ಡಿಗೆ ಬಂದಾಗ

2012ರಲ್ಲಿ ಕೆನಡಾದ ಟೊರಾಂಟೊದಲ್ಲಿ ಅಲೆಕ್ಸ್ ಕ್ರಿಜೆವ್‌ಸ್ಕಿ ಎಂಬ ವಿದ್ಯಾರ್ಥಿ ಎರಡು ಜಿಟಿಎಕ್ಸ್ 580 ಗೇಮಿಂಗ್ ಕಾರ್ಡುಗಳನ್ನು ಮನೆಯಲ್ಲೇ ಓಡಿಸಿ, ಚಿತ್ರ ಗುರುತಿಸುವ ಯಂತ್ರಕ್ಕೆ ಪಾಠ ಹೇಳಿದ. ಆ ವರ್ಷದ ದೊಡ್ಡ ಸ್ಪರ್ಧೆಯಲ್ಲಿ ಅದು ಗೆದ್ದಿತು. ಇವತ್ತಿನ ಎಐ ಅಲೆ ಎದ್ದಿದ್ದು ಅಲ್ಲಿಂದ. 2015ರಲ್ಲಿ ಶುರುವಾದ ಇಥೀರಿಯಂ ಎಂಬ ಡಿಜಿಟಲ್ ನಾಣ್ಯವನ್ನು ಇದೇ ಕಾರ್ಡುಗಳಿಂದ ಗಣಿಗಾರಿಕೆ ಮಾಡಬಹುದಿತ್ತು. 2017ರಲ್ಲಿ ಒಮ್ಮೆ, 2021ರಲ್ಲಿ ಇನ್ನೊಮ್ಮೆ ಗಣಿಯವರು ಕಾರ್ಡುಗಳನ್ನು ಬಾಚಿಕೊಂಡರು. 499 ಡಾಲರಿನ ಆರ್‌ಟಿಎಕ್ಸ್ 3070 ಅದರ ಎರಡರಷ್ಟು ಬೆಲೆಗೆ ಕೈಬದಲಾಯಿತು.

2022ರ ಸೆಪ್ಟೆಂಬರ್ 15ರಂದು ಇಥೀರಿಯಂ ತನ್ನ ಪದ್ಧತಿ ಬದಲಿಸಿತು, ಕಾರ್ಡಿನ ಗಣಿ ಒಂದೇ ದಿನಕ್ಕೆ ನಿಂತಿತು. ಹಗಲೂ ರಾತ್ರಿ ದುಡಿದ ಕಾರ್ಡುಗಳು ಸೆಕೆಂಡ್ ಹ್ಯಾಂಡ್ ಪೇಟೆಗೆ ಬಂದವು. ದುಡಿದ ಎತ್ತೆಲ್ಲ ಕೆಟ್ಟದ್ದಲ್ಲ. ಆದರೆ ಸಂತೆಯಲ್ಲಿ ಹಲ್ಲು ನೋಡದೆ, ನಡೆಸಿ ನೋಡದೆ ಯಾರೂ ಎತ್ತು ಕೊಳ್ಳುವುದಿಲ್ಲ. ಕಾರ್ಡಿನ ಫ್ಯಾನ್ ಸದ್ದು, ಅರ್ಧ ಗಂಟೆ ಓಡಿದ ಮೇಲಿನ ಬಿಸಿ, ಬಿಲ್ಲು, ಉಳಿದ ವಾರಂಟಿ ಇವೇ ಇಲ್ಲಿನ ಹಲ್ಲು.

ಹೊಸ ಕಾರ್ಡ್ ಹಳೇ ಪಿಸಿಗೆ ಬೆನ್ನು ಮಾಡಿದ ಕಾಲ

2022ರಲ್ಲಿ ಎಎಂಡಿ ಕಂಪನಿ ಆರ್‌ಎಕ್ಸ್ 6500 ಎಕ್ಸ್‌ಟಿ, ಆರ್‌ಎಕ್ಸ್ 6400 ಎಂಬ ಕಡಿಮೆ ಬೆಲೆಯ ಕಾರ್ಡುಗಳನ್ನು ತಂದಿತು. 6400ಕ್ಕೆ 53 ವ್ಯಾಟ್ ಸಾಕು, ಪವರ್ ತಂತಿಯೂ ಬೇಡ. ಹಳೇ ಪಿಸಿಗೆ ಹೇಳಿ ಮಾಡಿಸಿದ ಹಾಗೆ ಕಾಣುತ್ತದೆ. ಆದರೆ ಸ್ಲಾಟಿನಲ್ಲಿ ಹದಿನಾರು ದಾರಿ ಇದ್ದರೆ ಈ ಕಾರ್ಡುಗಳು ಬಳಸುವುದು ನಾಲ್ಕೇ. ಹೊಸ ಪಿಸಿಯಲ್ಲಿ ಒಂದೊಂದು ದಾರಿಯೂ ಅಗಲ, ನಡೆಯುತ್ತದೆ. ಹಳೇ ಪಿಸಿಯಲ್ಲಿ ದಾರಿ ಕಿರಿದು. 4 ಜಿಬಿ ಮೆಮೊರಿ ತುಂಬಿತೆಂದರೆ ಗೇಮ್ ತಡವರಿಸುತ್ತದೆ. ಗೇಮ್ ರೆಕಾರ್ಡ್ ಮಾಡುವಾಗ ವಿಡಿಯೋವನ್ನು ಸಣ್ಣದು ಮಾಡಿಕೊಡುವ ಭಾಗವನ್ನೂ ಇವುಗಳಿಂದ ತೆಗೆದುಹಾಕಿದ್ದರು. ತಮ್ಮನಂಥ ಯೂಟ್ಯೂಬ್ ಹುಡುಗರಿಗೆ ಇದು ದೊಡ್ಡ ಕೊರತೆ.

ಅದೇ ವರ್ಷ ಇಂಟೆಲ್ ಆರ್ಕ್ ಕಾರ್ಡುಗಳು ಬಂದವು. ಬೆಲೆಗೆ ಒಳ್ಳೆಯವು. ಆದರೆ ಮದರ್‌ಬೋರ್ಡಿನಲ್ಲಿ ರೀಸೈಜಬಲ್ ಬಾರ್ ಎಂಬ ಸೌಲಭ್ಯ ಇರಬೇಕು ಎಂದು ಇಂಟೆಲ್ ತಾನೇ ಹೇಳಿತು. 2012ರ ಬೋರ್ಡಿನಲ್ಲಿ ಅದನ್ನು ಎಲ್ಲಿ ತರುವುದು? 2024ರ ಡಿಸೆಂಬರಿನಲ್ಲಿ 249 ಡಾಲರಿಗೆ 12 ಜಿಬಿ ಕೊಟ್ಟ ಆರ್ಕ್ ಬಿ580 ಕೂಡ ಹಳೇ ಪ್ರೊಸೆಸರ್‌ಗಳ ಜೊತೆ ಸೊರಗುತ್ತದೆ ಎಂದು ಪರೀಕ್ಷೆಗಳು ತೋರಿಸಿದವು.

ಹಾಗೆಂದು ತೀರಾ ಹಳೇ ಕಾರ್ಡಿಗೂ ಹೋಗುವಂತಿಲ್ಲ. 750 ಟಿಐ, 1050 ಟಿಐ, 1060 ಇವುಗಳಿಗೆ ಹೊಸ ಗೇಮ್‌ಗಳಿಗೆಂದು ಎನ್‌ವಿಡಿಯಾ ಕೊಡುತ್ತಿದ್ದ ಡ್ರೈವರ್ 2025ರ ಅಕ್ಟೋಬರಿಗೆ ನಿಂತಿದೆ. 2028ರ ಅಕ್ಟೋಬರಿನವರೆಗೆ ಭದ್ರತೆಯ ಅಪ್‌ಡೇಟ್ ಮಾತ್ರ ಬರುತ್ತದೆ. ಇನ್ನು 2025ರ ಕೊನೆಗೆ ಎಐ ಯಂತ್ರಗಳ ಬೇಡಿಕೆಯಿಂದ ಮೆಮೊರಿ ಬೆಲೆ ಏರಿತು. 1996ರಲ್ಲಿ ಮೆಮೊರಿ ಅಗ್ಗವಾಗಿ ಹುಟ್ಟಿದ ಪೇಟೆ ಇದು, ಈಗ ಅದೇ ಮೆಮೊರಿ ದುಬಾರಿಯಾಗಿ ಬಿಸಿ ತಟ್ಟಿಸುತ್ತಿದೆ.

ನಾವು ಮಾಡಿದ್ದು

ಬೆಳಿಗ್ಗೆ ತಮ್ಮನಿಗೆ ಫೋನ್ ಮಾಡಿ, "ಕಾರ್ಡ್ ಬಿಡು, ಮೊದಲು ಊರಿಗೆ ಬಂದು ಪೆಟ್ಟಿಗೆ ಬಿಚ್ಚು" ಅಂದೆ. ಬಿಚ್ಚಿದೆವು. ಪವರ್ ಸಪ್ಲೈ ಮೇಲೆ 275 ವ್ಯಾಟ್ ಎಂದಿತ್ತು, ಕಾರ್ಡಿಗೆ ಕೊಡುವ ತಂತಿ ಒಂದೂ ಇರಲಿಲ್ಲ. ಆರ್‌ಟಿಎಕ್ಸ್ 3070 ಒಂದಕ್ಕೇ 220 ವ್ಯಾಟ್ ಬೇಕು, 650 ವ್ಯಾಟಿನ ಸಪ್ಲೈ ಇರಲಿ ಎಂದು ಎನ್‌ವಿಡಿಯಾ ಹೇಳುತ್ತದೆ. ಮಾನಿಟರ್ 1366×768, ಅಂದರೆ ಸುಮಾರು ಹತ್ತೂವರೆ ಲಕ್ಷ ಚುಕ್ಕಿ. ಮಾಮೂಲಿ ಫುಲ್ ಎಚ್‌ಡಿಯ ಅರ್ಧ. ಅಷ್ಟು ಚಿಕ್ಕ ಪರದೆಗೆ 3070ರ ಬಲ ಬೇಕೇ ಇರಲಿಲ್ಲ. ಮಾನಿಟರಿಗೆ ಇದ್ದದ್ದು ಹಳೇ ನೀಲಿ ವಿಜಿಎ ತಂತಿ. ಎನ್‌ವಿಡಿಯಾ 2016ರ ಕಾರ್ಡುಗಳಿಂದಲೇ ಆ ಬಗೆಯ ಸಿಗ್ನಲ್ ಕೊಡುವುದನ್ನು ನಿಲ್ಲಿಸಿದೆ.

ತಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅಲ್ಲೇ ತಗೊಂಡಿದ್ರೆ ಅಪ್ಪಂಗೆ ಏನು ಹೇಳ್ತಿದ್ದೆ" ಅಂದ.

ಕೊನೆಗೆ ತಂದದ್ದು ಹೊಸ ಆರ್‌ಟಿಎಕ್ಸ್ 3050ರ 6 ಜಿಬಿ, ಪವರ್ ತಂತಿ ಬೇಡದ್ದು, ಬಿಲ್ಲು ವಾರಂಟಿ ಸಮೇತ. ಉಳಿದ ದುಡ್ಡಲ್ಲಿ ಇನ್ನೊಂದು 8 ಜಿಬಿ ಹಳೇ ರ‍್ಯಾಮ್, ಎಚ್‌ಡಿಎಂಐಯಿಂದ ವಿಜಿಎಗೆ ಬದಲಿಸುವ ಅಡಾಪ್ಟರ್. ಹಾಕಿದ ದಿನ ಪರದೆ ಕಪ್ಪಗೇ ಉಳಿಯಿತು. ಕಾರ್ಡ್ ತೆಗೆದು, ಬಯಾಸ್ ಅಪ್‌ಡೇಟ್ ಮಾಡಿ, ಮತ್ತೆ ಹಾಕಿದ ಮೇಲೆ ಬಂತು. ತುಂಬಾ ಭಾರದ ಹೊಸ ಗೇಮ್‌ಗಳಲ್ಲಿ ಪ್ರೊಸೆಸರ್ ಇವತ್ತಿಗೂ ಏದುಸಿರು ಬಿಡುತ್ತದೆ. ಅದನ್ನು ಯಾವ ಕಾರ್ಡೂ ಸರಿಮಾಡದು. ಆದರೆ ಅವನು ದಿನಾ ಆಡುವ ಗೇಮ್‌ಗಳು ಓಡುತ್ತವೆ, ರೆಕಾರ್ಡೂ ಆಗುತ್ತದೆ. ನಾಳೆ ಹೊಸ ಪಿಸಿ ಕಟ್ಟಿದರೆ ಇದೇ ಕಾರ್ಡ್ ಅಲ್ಲಿಗೂ ಹೋಗುತ್ತದೆ.

ವೂಡೂವಿನಿಂದ ಇಲ್ಲಿಯವರೆಗೆ ಕಾರ್ಡಿನ ಚರಿತ್ರೆ ಹೇಳುವುದು ಇಷ್ಟೇ: ಯಾವ ಕಾರ್ಡೂ ಒಂಟಿಯಾಗಿ ವೇಗದ್ದಲ್ಲ. ಅದು ಕೂರುವ ಸ್ಲಾಟ್, ಕುಡಿಯುವ ಕರೆಂಟ್, ಜೊತೆಗೆ ಎಳೆಯುವ ಪ್ರೊಸೆಸರ್, ಚಿತ್ರ ತೋರಿಸುವ ಪರದೆ ಎಲ್ಲ ಸೇರಿದರೆ ಮಾತ್ರ ವೇಗ. ನಿಮ್ಮ ಮನೆಯ ಹುಡುಗ ಕಾರ್ಡಿನ ಫೋಟೋ ಕಳಿಸಿದರೆ ಬೈಯಬೇಡಿ, ತಕ್ಷಣ ದುಡ್ಡೂ ಕಳಿಸಬೇಡಿ. ಪೆಟ್ಟಿಗೆಯ ಒಳಗಿನ ಫೋಟೋ ಮೊದಲು ಕಳಿಸು ಅನ್ನಿ.